ಅಮೀರ್‌ಪೇಟ್‌ನಲ್ಲಿ ಸಿಗದ ಪಾಠ



ಎಂಜಿನಿಯರಿಂಗ್ ಕಾಲೇಜುಗಳಲ್ಲಿ ಸಾಮಾನ್ಯ ಶಿಕ್ಷಣದ ಸ್ಥಾನ ಏನು ಎಂಬ ವಿಷಯವನ್ನು ಹೈದರಾಬಾದಿನ ಅಮೀರ್‌ಪೇಟ್‌ನಲ್ಲೇ ಮಾತಾಡಬೇಕೆಂದು ನಾನು ಕೇಳಿಕೊಂಡೆ. ಮೈತ್ರಿವನಂ ಕಟ್ಟಡದಿಂದ ಆದಿತ್ಯ ಎನ್‌ಕ್ಲೇವ್‌ ಕಡೆ ನಡೆದು ಬಂದವರಿಗೆ ಕಾರಣ ಹೇಳಬೇಕಾಗಿಲ್ಲ. ಜಾವಾ, ಒರಾಕಲ್, ಡಾಟ್‌ನೆಟ್, ಟೆಸ್ಟಿಂಗ್ ಎಂದಿದ್ದ ಕೋಚಿಂಗ್ ಸೆಂಟರ್‌ಗಳ ಬೋರ್ಡುಗಳ ಮೇಲೆ ಈಗ ಪೈಥಾನ್, ಡೇಟಾ ಸೈನ್ಸ್, ಕ್ಲೌಡ್ ಬಂದು ಕೂತಿವೆ. ಮೊದಲ ಒಂದೆರಡು ಡೆಮೊ ಕ್ಲಾಸು ಪುಕ್ಕಟೆ. ಮೇಷ್ಟರ ಪಾಠ ಹಿಡಿಸಿದರೆ ಫೀ ಕಟ್ಟಬಹುದು, ಹಿಡಿಸದಿದ್ದರೆ ಪಕ್ಕದ ಮೆಟ್ಟಿಲು ಹತ್ತಬಹುದು. ಕ್ಲಾಸಿನ ಕೈಬರಹದ ನೋಟ್ಸು ಜೆರಾಕ್ಸ್ ಅಂಗಡಿಯಲ್ಲಿ ಸ್ಪೈರಲ್ ಬೈಂಡಾಗಿ ಸಿಗುತ್ತದೆ. ಬೀದರ್, ಕಲಬುರಗಿ, ರಾಯಚೂರು ಕಡೆಯಿಂದ ರೈಲು, ಬಸ್ಸು ಹತ್ತಿ ಬಂದ ಎಷ್ಟೋ ಮಕ್ಕಳು ಇಲ್ಲಿನ ಹಾಸ್ಟೆಲ್‌ಗಳಲ್ಲಿದ್ದು, ಎರಡು ಮೂರು ತಿಂಗಳಲ್ಲಿ ಒಂದು ವಿದ್ಯೆ ಕಲಿತು, ಕೆಲಸ ಹಿಡಿದು, ತಂಗಿಯ ಮದುವೆ ಮಾಡಿದ್ದಾರೆ, ಅಪ್ಪನ ಸಾಲ ತೀರಿಸಿದ್ದಾರೆ. ಈ ಬೀದಿಯನ್ನು ಹಗುರವಾಗಿ ಕಾಣುವವರ ಜೊತೆ ನಾನಿಲ್ಲ.

ಆದರೆ ಈ ಬೀದಿ ಕಾಲೇಜುಗಳಿಗೆ ಒಂದು ಪ್ರಶ್ನೆ ಹಾಕುತ್ತದೆ. ಕಂಪನಿಗೆ ಬೇಕಾದ ಕುಶಲತೆ ಇಲ್ಲಿ ಎರಡು ಮೂರು ತಿಂಗಳಲ್ಲಿ ಸಿಗುವುದಾದರೆ, ಕಾಲೇಜಿನ ನಾಲ್ಕು ವರ್ಷ ಯಾವುದಕ್ಕೆ? ಗಣಿತ, ಭೌತಶಾಸ್ತ್ರ, ಎಂಜಿನಿಯರಿಂಗ್‌ನ ಬುನಾದಿ ಎಂಬುದು ಅರ್ಧ ಉತ್ತರ. ಇತಿಹಾಸ, ಅರ್ಥಶಾಸ್ತ್ರ, ಸಂವಿಧಾನ, ಪರಿಸರ, ಭಾಷೆ, ಸಾಹಿತ್ಯ ಇವೆಲ್ಲ ಸೇರಿದರೆ ಉತ್ತರ ಪೂರ್ತಿಯಾಗುತ್ತದೆ. ಇಲ್ಲಿ ಸ್ಪೋಕನ್ ಇಂಗ್ಲಿಷ್ ಸಿಗುತ್ತದೆ, ಇಂಟರ್‌ವ್ಯೂನಲ್ಲಿ ಕೂರುವ ರೀತಿ ಹೇಳಿಕೊಡುತ್ತಾರೆ. ತಾನು ಕಟ್ಟುವ ಸೇತುವೆಯಿಂದ ಯಾರ ಹೊಲ ಹೋಗುತ್ತದೆ, ತಾನು ಬರೆಯುವ ಪ್ರೋಗ್ರಾಂ ಯಾರ ರೇಷನ್ ಕಾರ್ಡನ್ನು ತಡೆಹಿಡಿಯುತ್ತದೆ ಎಂದು ಯೋಚಿಸುವುದನ್ನು ಹೇಳಿಕೊಡುವ ಕೋಚಿಂಗ್ ಸೆಂಟರ್ ಇಲ್ಲಿ ಇಲ್ಲ. ಅದನ್ನು ಕಾಲೇಜೇ ಕಲಿಸಬೇಕು.

ಕಾಗದದ ಮೇಲೆ ಇದನ್ನು ಎಲ್ಲರೂ ಒಪ್ಪಿದ್ದಾರೆ. ಅಮೆರಿಕದ ಎಂಐಟಿಯಲ್ಲಿ 1949ರ ಲೂಯಿಸ್ ಸಮಿತಿ ವರದಿಯ ಬೆನ್ನಿಗೇ ಮಾನವಿಕ ವಿಷಯಗಳಿಗೆ ಪ್ರತ್ಯೇಕ ಶಾಲೆ ಆರಂಭವಾಯಿತು. ನಮ್ಮಲ್ಲಿ ಅದೇ ಹೊತ್ತಿನ ರಾಧಾಕೃಷ್ಣನ್ ಆಯೋಗವೂ ಸಾಮಾನ್ಯ ಶಿಕ್ಷಣ ಬೇಕೆಂದಿತು. ಅಖಿಲ ಭಾರತ ತಾಂತ್ರಿಕ ಶಿಕ್ಷಣ ಮಂಡಳಿಯ (ಎಐಸಿಟಿಇ) 2018ರ ಮಾದರಿ ಪಠ್ಯಕ್ರಮದಲ್ಲಿ ಒಟ್ಟು 160 ಕ್ರೆಡಿಟ್. ಅದರಲ್ಲಿ ಮಾನವಿಕ, ಸಮಾಜವಿಜ್ಞಾನ, ಮ್ಯಾನೇಜ್‌ಮೆಂಟ್ ಎಲ್ಲಕ್ಕೂ ಸೇರಿ 12. ಪರಿಸರ ವಿಜ್ಞಾನ, ಭಾರತದ ಸಂವಿಧಾನ ಕಡ್ಡಾಯವೇನೋ ಹೌದು, ಆದರೆ ಕ್ರೆಡಿಟ್ ಇಲ್ಲ. ಕ್ರೆಡಿಟ್ ಇಲ್ಲದ ವಿಷಯವನ್ನು ಹತ್ತೊಂಬತ್ತರ ಹುಡುಗ ಎಷ್ಟು ಓದಿಯಾನು? ಎಷ್ಟೋ ಖಾಸಗಿ ಕಾಲೇಜುಗಳಲ್ಲಿ ಸಂವಿಧಾನದ ಪಾಠ ಯಾರಿಗೆ ವರ್ಕ್‌ಲೋಡ್ ಕಡಿಮೆಯೋ ಅವರ ಪಾಲು. ಮೂಲಭೂತ ಕರ್ತವ್ಯಗಳನ್ನು ಪಟ್ಟಿ ಮಾಡಿ ಎಂಬ ಪ್ರಶ್ನೆ, ಹಿಂದಿನ ರಾತ್ರಿ ಓದಿದ ಗೈಡಿನ ಉತ್ತರ, ಮರುದಿನಕ್ಕೆ ಮರೆವು. ವಿಷಯ ಒಣ ಎಂದು ಮಕ್ಕಳು ದೂರುತ್ತಾರೆ. ಒಣಗಿಸಿದವರು ನಾವು.

ಒಣಗದಂತೆ ಹೇಗೆ ಹೇಳಬಹುದು ಎಂಬುದಕ್ಕೆ ಇದೇ ಊರಿನ ಒಂದು ಪಾಠವನ್ನು ಬಿಡಿಸಿ ತೋರಿಸುತ್ತೇನೆ.

1908ರ ಸೆಪ್ಟೆಂಬರ್ 28. ಮೂಸಿ ನದಿ ಉಕ್ಕಿ ಹೈದರಾಬಾದಿನೊಳಗೆ ನುಗ್ಗಿತು. ಸತ್ತವರು ಸುಮಾರು 15,000 ಎಂದು ಅಂದಾಜು. ಇಂದಿನ ಉಸ್ಮಾನಿಯಾ ಆಸ್ಪತ್ರೆಯ ಆವರಣದಲ್ಲಿ ಒಂದು ಹುಣಸೆಮರವಿದೆ; ಆ ದಿನ ಅದರ ಕೊಂಬೆಗಳನ್ನು ಹಿಡಿದು ನೂರೈವತ್ತು ಜನ ಬದುಕಿಕೊಂಡರೆಂದು ಊರು ಇಂದಿಗೂ ನೆನೆಯುತ್ತದೆ. ಮರುವರ್ಷ ನಿಜಾಮ್ ಸರ್ಕಾರ ನಮ್ಮ ವಿಶ್ವೇಶ್ವರಯ್ಯನವರನ್ನು ಕರೆಸಿತು. ಅವರು ನದಿಗೆ ಗೋಡೆ ಕಟ್ಟಿ ಎಂದಷ್ಟೇ ಹೇಳಿ ಹೋಗಲಿಲ್ಲ. ಮೇಲುಭಾಗದ ಕೆರೆಗಳು ಒಡೆದದ್ದನ್ನು, ಜಲಾನಯನ ಪ್ರದೇಶದ ಮಳೆಯನ್ನು ಲೆಕ್ಕ ಹಾಕಿದರು. ನೆರೆಯ ನೀರನ್ನು ಊರಿಗಿಂತ ಮೇಲೆಯೇ ತಡೆದು ನಿಲ್ಲಿಸುವ ಜಲಾಶಯಗಳನ್ನು ಸೂಚಿಸಿದರು. ನದಿದಡದಲ್ಲಿ ಉದ್ಯಾನ, ಊರಿಗೆ ಒಳಚರಂಡಿ ಆಗಬೇಕೆಂದರು. 1920ರಲ್ಲಿ ಮೂಸಿಗೆ ಉಸ್ಮಾನ್ ಸಾಗರ, 1927ರಲ್ಲಿ ಈಸಿ ನದಿಗೆ ಹಿಮಾಯತ್ ಸಾಗರ ಆದವು. ಅವೇ ಊರಿಗೆ ಕುಡಿಯುವ ನೀರನ್ನೂ ಕೊಟ್ಟವು. 1996ರಲ್ಲಿ ಸರ್ಕಾರಿ ಆದೇಶ 111 ಬಂತು: ಈ ಜಲಾಶಯಗಳ ಸುತ್ತ 10 ಕಿಲೋಮೀಟರ್ ಒಳಗೆ ಕಾರ್ಖಾನೆ, ದೊಡ್ಡ ಹೋಟೆಲು, ಬಡಾವಣೆ ಕೂಡದು. 2022ರಲ್ಲಿ ಆ ನಿರ್ಬಂಧವನ್ನು ಸಡಿಲಿಸುವ ಆದೇಶವೂ ಹೊರಟಿತು.

ಈಗ ಈ ಒಂದೇ ಕಥೆಯನ್ನು ಸಿವಿಲ್ ಎಂಜಿನಿಯರಿಂಗ್ ಎರಡನೇ ವರ್ಷದ ಮಕ್ಕಳ ಮುಂದೆ ಇಡಿ. ಹೈಡ್ರಾಲಜಿ ಅವರಿಗೆ ಗೊತ್ತು. ನದಿಯ ಅಂಚಿನಲ್ಲಿ ಮನೆ ಕಟ್ಟಿಕೊಂಡವರು ಯಾರು, ಬೇರೆಲ್ಲೂ ಜಾಗ ಸಿಗದವರೇ ಯಾಕೆ ಅಲ್ಲಿದ್ದರು ಎಂದು ಕೇಳಿದರೆ ಅದು ಸಮಾಜಶಾಸ್ತ್ರ. ನಿರ್ಬಂಧದ ಒಳಗಿನ ಹಳ್ಳಿಯ ರೈತನ ಜಮೀನಿಗೆ ಬೆಲೆ ಬರಲಿಲ್ಲ, ಊರಿಗೆ ಮಾತ್ರ ನೀರು ಸಿಕ್ಕಿತು. ಆ ರೈತನಿಗೆ ನಷ್ಟ ತುಂಬಿಕೊಡಬೇಕಾದವರು ಯಾರು? ಇಲ್ಲಿ ಅರ್ಥಶಾಸ್ತ್ರ, ಸಂವಿಧಾನ ಎರಡೂ ಬಂದವು. ನಿವೃತ್ತಿಗೆ ಮುಂಚೆ ನನ್ನ ತರಗತಿಯಲ್ಲಿ ಇದನ್ನು ಚರ್ಚೆಗೆ ಬಿಟ್ಟಾಗ, ಹಿಂದಿನ ಬೆಂಚಿನಲ್ಲಿ ಸದಾ ಮೌನವಾಗಿರುತ್ತಿದ್ದ ಹುಡುಗಿ ಎದ್ದು ನಿಂತಳು. ಅವಳದು ಜಲಾಶಯಕ್ಕೆ ಮುಳುಗಡೆಯಾದ ಊರು. ಅವಳ ಅಜ್ಜ ಪರಿಹಾರದ ಕಾಗದಕ್ಕಾಗಿ ಅಲೆದದ್ದನ್ನು ಅವಳು ಹೇಳತೊಡಗಿದಾಗ ಗಂಟೆ ಹೊಡೆದರೂ ಯಾರೂ ಏಳಲಿಲ್ಲ. ಆ ದಿನದ ಪಾಠಕ್ಕೆ ಗೈಡು ಬೇಕಾಗಲಿಲ್ಲ.

ವಿಶ್ವೇಶ್ವರಯ್ಯನವರು 1881ರಲ್ಲಿ ಬೆಂಗಳೂರಿನ ಸೆಂಟ್ರಲ್ ಕಾಲೇಜಿನಿಂದ ಬಿ.ಎ. ಮಾಡಿದವರು. ಆಮೇಲೆ ಪುಣೆಗೆ ಹೋಗಿ ಎಂಜಿನಿಯರಿಂಗ್ ಓದಿದರು. ಮುಂದೆ ದಿವಾನರಾಗಿ ಸಾಹಿತ್ಯ ಪರಿಷತ್ತು, ಮೈಸೂರು ವಿಶ್ವವಿದ್ಯಾಲಯಗಳ ಸ್ಥಾಪನೆಗೆ ನಿಂತರು. ದೇಶದ ಆರ್ಥಿಕ ಯೋಜನೆಯ ಬಗ್ಗೆ 1934ರಲ್ಲಿ ಪುಸ್ತಕ ಬರೆದರು. ಎಂಜಿನಿಯರರ ದಿನ ಅವರ ಫೋಟೋಕ್ಕೆ ಹಾರ ಹಾಕುವ ಕಾಲೇಜುಗಳು ಅವರ ಓದಿನ ಈ ಹರವನ್ನೂ ಮಕ್ಕಳಿಗೆ ಹೇಳಬೇಕು.

ಭಾಷೆಯ ವಿಷಯಕ್ಕೆ ಬರುತ್ತೇನೆ. 1918ರಲ್ಲಿ ಉಸ್ಮಾನಿಯಾ ವಿಶ್ವವಿದ್ಯಾಲಯ ಆರಂಭವಾದಾಗ ಬೋಧನೆ ಉರ್ದುವಿನಲ್ಲಿ. ಅದಕ್ಕೆ ಮೊದಲೇ ಅನುವಾದದ ವಿಭಾಗವೊಂದನ್ನು ತೆರೆದು ವಿಜ್ಞಾನದ ಪುಸ್ತಕಗಳನ್ನು ಉರ್ದುವಿಗೆ ತರಿಸಿದರು. ಭಾರತೀಯ ಭಾಷೆಯಲ್ಲಿ ಉನ್ನತ ವಿದ್ಯೆ ಸಾಧ್ಯ ಎಂದು ಈ ಊರು ಆಗಲೇ ತೋರಿಸಿತ್ತು. ಆದರೆ ಕನ್ನಡ, ತೆಲುಗು, ಮರಾಠಿ ಮನೆಮಾತಿನ ಮಕ್ಕಳಿಗೆ ಉರ್ದು ಬೋಧನೆಯಿಂದಾದ ಕಷ್ಟವೂ ಸಣ್ಣದಲ್ಲ. ಆಗ ನಿಜಾಮ್ ಆಳ್ವಿಕೆಯಲ್ಲಿದ್ದ ಕಲಬುರಗಿ, ರಾಯಚೂರು ಕಡೆಯ ಹಳೆಯ ತಲೆಮಾರು ಅದನ್ನು ಅನುಭವಿಸಿದೆ.

ಕರ್ನಾಟಕದಲ್ಲಿ ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯ ಈಗ ಕನ್ನಡದ ಮಕ್ಕಳಿಗೆ ‘ಸಾಂಸ್ಕೃತಿಕ ಕನ್ನಡ’, ಕನ್ನಡ ಬಾರದವರಿಗೆ ‘ಬಳಕೆ ಕನ್ನಡ’ ಇಟ್ಟಿದೆ. ಸಾಂಸ್ಕೃತಿಕ ಕನ್ನಡದ ಪುಸ್ತಕದಲ್ಲಿ ವಚನಗಳಿವೆ, ವಿಶ್ವೇಶ್ವರಯ್ಯನವರ ಬಗ್ಗೆ ಎ.ಎನ್. ಮೂರ್ತಿರಾಯರ ಬರಹವಿದೆ, ಸ್ವತಃ ಸಾಫ್ಟ್‌ವೇರ್ ಎಂಜಿನಿಯರಾಗಿದ್ದ ವಸುಧೇಂದ್ರರ ‘ಯುಗಾದಿ’ ಕಥೆಯಿದೆ. ಆಯ್ಕೆ ಚೆನ್ನಾಗಿದೆ. ಅದಕ್ಕೆ ಸಿಕ್ಕಿರುವುದು ಮಾತ್ರ ಒಂದೇ ಕ್ರೆಡಿಟ್, ಪರೀಕ್ಷೆಯಲ್ಲಿ ನಾಲ್ಕು ಉತ್ತರಗಳಲ್ಲಿ ಒಂದಕ್ಕೆ ಗುರುತು ಹಾಕುವ ಕೆಲಸ. ಕಥೆಯೊಂದನ್ನು ಓದಿದ ಹುಡುಗ ಅದರ ಬಗ್ಗೆ ಎರಡು ಪುಟ ಬರೆಯಬೇಕು. ಗುರುತು ಹಾಕಿದರೆ ಸಾಲದು. ಪಾಲಿಮರ್ ತಂತ್ರಜ್ಞರಾಗಿದ್ದ ಯಶವಂತ ಚಿತ್ತಾಲರು ಕಂಪನಿಯ ಬದುಕಿನ ಒಳಭಯವನ್ನು ‘ಶಿಕಾರಿ’ಯಲ್ಲಿ ಬರೆದು ದಶಕಗಳಾದವು. ಕಾರ್ಪೊರೇಟ್ ಕೆಲಸಕ್ಕೆ ಹೊರಟ ಹುಡುಗನಿಗೆ ಅದಕ್ಕಿಂತ ಹತ್ತಿರದ ಕಾದಂಬರಿ ಯಾವುದನ್ನು ಕೊಡೋಣ?

ಈಗಾಗಲೇ ಪಠ್ಯ ಭಾರವಾಗಿದೆ, ಇನ್ನೂ ಯಾಕೆ ಹೊರಿಸುತ್ತೀರಿ ಎಂದು ಸಹೋದ್ಯೋಗಿಗಳು ಕೇಳುತ್ತಾರೆ. ನನ್ನ ಉತ್ತರ ನೇರ: ಮೂರು ವರ್ಷಕ್ಕೆ ಹಳತಾಗುವ ಸಾಫ್ಟ್‌ವೇರ್ ಪ್ಯಾಕೇಜುಗಳ ಪಾಠವನ್ನು ಕಡಿಮೆ ಮಾಡಿ. ಅದನ್ನು ಅಮೀರ್‌ಪೇಟ್ ನಿಮಗಿಂತ ಬೇಗ, ನಿಮಗಿಂತ ಅಗ್ಗವಾಗಿ ಕಲಿಸುತ್ತದೆ. ಉಳಿದ ಸಮಯವನ್ನು ಈ ವಿಷಯಗಳಿಗೆ ಕೊಡಿ, ಅವಕ್ಕೆ ಆ ವಿಷಯವನ್ನೇ ಓದಿದ ಕಾಯಂ ಅಧ್ಯಾಪಕರನ್ನು ನೇಮಿಸಿ.

ಇಲ್ಲಿ ಕೂತಿರುವ ತಂದೆತಾಯಿಗಳಲ್ಲಿ ನನ್ನದೊಂದು ಕೋರಿಕೆ. ಮುಂದಿನ ಕೌನ್ಸೆಲಿಂಗ್‌ಗೆ ಮುಂಚೆ ಕಾಲೇಜು ನೋಡಲು ಹೋಗುತ್ತೀರಿ, ಪ್ಲೇಸ್‌ಮೆಂಟ್ ಎಷ್ಟು ಎಂದು ಕೇಳುತ್ತೀರಿ, ಕೇಳಬೇಕಾದ್ದೇ. ಜೊತೆಗೆ ಸಂವಿಧಾನ, ಅರ್ಥಶಾಸ್ತ್ರ, ಸಾಹಿತ್ಯ ಪಾಠ ಮಾಡುವವರು ಯಾರು, ಅವರು ಕಾಯಂ ಅಧ್ಯಾಪಕರೇ, ಅವರನ್ನು ಈಗಲೇ ಭೇಟಿಯಾಗಬಹುದೇ ಎಂದೂ ಕೇಳಿ. ಹತ್ತು ಜನ ಕೇಳಿದರೆ ಪ್ರಿನ್ಸಿಪಾಲರು ನೇಮಕದ ಫೈಲು ತೆಗೆಯುತ್ತಾರೆ.