ಬ್ಯಾರಲ್ಲಿನ ಹುಳು, ಹೌಜಿನ ಮೀನು
(ವಿದ್ಯಾರ್ಥಿವೇತನ ವಿತರಣೆಯ ದಿನ ಆಳಂದದಲ್ಲಿ ಆಡಿದ ಮಾತು)

 

ಓದಿನ ಬಗ್ಗೆ ಮಾತಾಡಲು ಕರೆದಿದ್ದೀರಿ. ನಾವು ಸೊಳ್ಳೆಯ ಬಗ್ಗೆ ಮಾತಾಡುತ್ತೇವೆ, ಕ್ಷಮಿಸಿ. ನಮ್ಮ ವಿದ್ಯಾರ್ಥಿನಿಯೊಬ್ಬಳಿಗೆ ಹತ್ತನೇ ತರಗತಿಯಲ್ಲಿ ಒಂದೇ ವಿಷಯ ಉಳಿದಿತ್ತು. ಜೂನಿನ ಪೂರಕ ಪರೀಕ್ಷೆಯ ವಾರವೇ ಡೆಂಗಿ ಬಂತು. ಜೀವ ಉಳಿಯಿತು, ಓದು ಉಳಿಯಲಿಲ್ಲ. ವರ್ಷದೊಳಗೆ ಮದುವೆ ಮಾಡಿದರು. ಸೊಳ್ಳೆಯ ಜೀವನಚಕ್ರವನ್ನು ಬೋರ್ಡಿನ ಮೇಲೆ ಚಂದಾಗಿ ಬರೆದವರು ನಾವೇ. ಕೋಣೆಯ ಹಿಂದಿನ ಬ್ಯಾರಲ್ಲಿನಲ್ಲಿ ಹುಳು ಆಡುತ್ತಿದ್ದದ್ದನ್ನು ಮಾತ್ರ ಬಗ್ಗಿ ನೋಡಿರಲಿಲ್ಲ.

ಬಗ್ಗಿ ನೋಡಿದವರು ರೊನಾಲ್ಡ್ ರಾಸ್. 1883ರಲ್ಲಿ ಬೆಂಗಳೂರಿನಲ್ಲಿದ್ದ ಈ ಯುವ ವೈದ್ಯ ಕಿಟಕಿಯ ಹೊರಗಿನ ತೊಟ್ಟಿಯಲ್ಲಿ ಹುಳು ಕಂಡು ನೀರು ಚೆಲ್ಲಿಸಿದರು, ಕೋಣೆಯಲ್ಲಿ ಸೊಳ್ಳೆ ಕಡಿಮೆಯಾಯಿತು. 1897ರ ಆಗಸ್ಟ್ 20ರಂದು, ಅಂದು ನಮ್ಮ ಜಿಲ್ಲೆಯೂ ಸೇರಿದ್ದ ನಿಜಾಮರ ಸೀಮೆಯ ಸಿಕಂದರಾಬಾದಿನಲ್ಲಿ, ಸೊಳ್ಳೆಯ ಹೊಟ್ಟೆಯಲ್ಲಿ ಮಲೇರಿಯಾ ರೋಗಾಣು ಕಂಡರು. ಆ ಸೊಳ್ಳೆಗೆ ರಕ್ತ ಕೊಟ್ಟವರು ಹುಸೇನ್ ಖಾನ್ ಎಂಬ ರೋಗಿ, ಸೊಳ್ಳೆಗೊಂದಾಣೆಯಂತೆ. ರಾಸ್ ಅವರಿಗೆ 1902ರಲ್ಲಿ ನೊಬೆಲ್ ಬಂತು. ಹುಸೇನ್ ಖಾನರ ಹೆಸರು ನಾವು ಪಾಠ ಮಾಡಿದ ಪುಸ್ತಕದಲ್ಲಿ ಇರಲಿಲ್ಲ.

ನಿಂತ ನೀರಿಗೆ ಸೀಮೆಎಣ್ಣೆ ಸುರಿದರು, ಹುಳುವಿನ ಉಸಿರು ಕಟ್ಟಲೆಂದು. ಪ್ಯಾರಿಸ್ ಗ್ರೀನ್ ಎಂಬ ವಿಷದ ಪುಡಿ ಬಂತು. 1928ರಲ್ಲಿ ಡಾ. ಬಿ.ಎ. ರಾವ್ ಇಟಲಿಯಿಂದ ಗ್ಯಾಂಬೂಸಿಯಾ ಮೀನು ತರಿಸಿದರು. 1953ರಿಂದ ಡಿಡಿಟಿಯ ಕಾಲ; ಗೋಡೆಗೆ ಹೊಡೆದರಾಯಿತೆಂದು ನೀರನ್ನು ಮರೆತರು. ಸೊಳ್ಳೆ ವಿಷಕ್ಕೆ ಒಗ್ಗಿಕೊಂಡಿತು. 1976ರಲ್ಲಿ ದೇಶದಲ್ಲಿ 64 ಲಕ್ಷ ಜನರಿಗೆ ಮಲೇರಿಯಾ. ಆಮೇಲೆ ಕೋಲಾರ ಜಿಲ್ಲೆಯ ಹಳ್ಳಿಗಳಲ್ಲಿ ಬಾವಿಗಳಿಗೆ ಗಪ್ಪಿ ಮೀನು ಬಿಟ್ಟರು, ಜ್ವರ ಇಳಿಯಿತು. ವುಜೂ ಮಾಡುವ ಹೌಜಿನಲ್ಲಿ ಮೀನು ಸಾಕಿದ ನಮ್ಮ ಹಿರಿಯರನ್ನು ನಾವು ನೆನೆದೆವು.

ಡೆಂಗಿ ಸೊಳ್ಳೆ ಚರಂಡಿಯದ್ದಲ್ಲ, ಮನೆಯ ತಿಳಿನೀರಿನದ್ದು. ನಲ್ಲಿ ಯಾವಾಗ ಬರುತ್ತದೋ ತಿಳಿಯದ ತಾಯಂದಿರಿಗೆ ಬ್ಯಾರಲ್ ತುಂಬಿಡಬೇಡಿ ಎನ್ನಲು ನಮಗೆ ಬಾಯಿ ಬರದು. ತುಂಬಿಡಿ, ಆದರೆ ಮುಚ್ಚಿಡಿ. ಮೊಟ್ಟೆ ಸೊಳ್ಳೆಯಾಗಲು ಹೆಚ್ಚುಕಡಿಮೆ ಎಂಟು ದಿನ ಬೇಕು. ಆದ್ದರಿಂದ ಪ್ರತಿ ಶುಕ್ರವಾರ, ಜುಮ್ಮಾಕ್ಕೆ ಮುಂಚೆ, ಬರಿದು ಮಾಡಿ ಒಳಗೋಡೆ ತಿಕ್ಕಿರಿ. ಬರೀ ಚೆಲ್ಲಿದರೆ ಸಾಲದು. ಗೋಡೆಗೆ ಅಂಟಿದ ಮೊಟ್ಟೆ ಒಣಗಿಯೂ ತಿಂಗಳುಗಟ್ಟಲೆ ಬದುಕುತ್ತದೆ.

ದಾನಿಗಳಲ್ಲಿ ಒಂದು ಬೇಡಿಕೆ. ಸ್ಕಾಲರ್‌ಶಿಪ್ ಪಡೆಯುವ ಪ್ರತಿ ಮನೆಗೆ ಬ್ಯಾರಲ್ಲಿನ ಒಂದು ಮುಚ್ಚಳ, ತಿಕ್ಕಲು ಒಂದು ಬ್ರಷ್. ಫೀಸಿನ ಹಣದಿಂದ ತೆಗೆಯುವುದು ಬೇಡ, ಬೇರೆ ಕೊಡಿ. ಮಳೆಗಾಲಕ್ಕೆ ಮೊದಲೇ ಕೊಡಿ.