ಊರಿನ ತಿಳಿವಳಿಕೆಯೇ ಉದ್ಯೋಗಕ್ಕೆ ಆಧಾರ
(ಗ್ರಾಮ ಪಂಚಾಯತಿ ಸದಸ್ಯರಿಗಾಗಿ ನೀಡಿದ ಉಪನ್ಯಾಸದ ಪಠ್ಯ)



1905ರಲ್ಲಿ ಗದಗ ತಾಲ್ಲೂಕಿನ ಕಣಗಿನಹಾಳದಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರ ನೇತೃತ್ವದಲ್ಲಿ ಕೃಷಿ ಪತ್ತಿನ ಸಹಕಾರ ಸಂಘವು ಸ್ಥಾಪನೆಯಾಯಿತು. ಸಾಲ ಬೇಡುವವರ ದುಡಿಮೆಯನ್ನೂ ನಡತೆಯನ್ನೂ ನೆರೆಹೊರೆಯವರು ಬಲ್ಲರೆಂಬ ನಂಬಿಕೆಯೇ ಅಂತಹ ಸಂಘಗಳ ಬಲ. ಇಂದಿನ ಉದ್ಯೋಗ ಯೋಜನೆಗಳ ಅರ್ಜಿಗಳು ಆನ್‌ಲೈನ್ ಮೂಲಕ ಸಲ್ಲಿಕೆಯಾಗುತ್ತವೆಯಾದರೂ, ಅವು ಅರ್ಹರನ್ನು ತಲುಪಲು ಊರಿನ ಆ ತಿಳಿವಳಿಕೆಯೇ ಬೇಕಾಗಿದೆ.

ಮೊದಲನೆಯದು ಕೌಶಲ. 2023ರಲ್ಲಿ ಆರಂಭವಾದ ಪ್ರಧಾನಮಂತ್ರಿ ವಿಶ್ವಕರ್ಮ ಯೋಜನೆಯು ಬಡಗಿ, ಕಮ್ಮಾರ, ಕುಂಬಾರ, ದರ್ಜಿ ಮೊದಲಾದ 18 ಕಸುಬುಗಳಿಗೆ ಅನ್ವಯಿಸುತ್ತದೆ. ತರಬೇತಿಯ ಅವಧಿಯಲ್ಲಿ ದಿನಕ್ಕೆ 500 ರೂಪಾಯಿ ಭತ್ಯೆ, ಸಲಕರಣೆಗೆ 15,000 ರೂಪಾಯಿಯವರೆಗೆ ನೆರವು ಹಾಗೂ ಶೇ. 5ರ ಬಡ್ಡಿಯಲ್ಲಿ ಅಡಮಾನರಹಿತ ಸಾಲ ಇದರ ಸೌಲಭ್ಯಗಳು. ಗ್ರಾಮೀಣ ಅರ್ಜಿಗಳ ಮೊದಲ ಹಂತದ ಪರಿಶೀಲನೆ ಗ್ರಾಮ ಪಂಚಾಯತಿಯದೇ ಆಗಿದೆ. ಅಲ್ಲಿ ತಡವಾದರೆ ಅರ್ಹ ಕುಶಲಕರ್ಮಿಯ ಅರ್ಜಿ ಮುಂದೆ ಸಾಗದು. ವಿಚಾರಿಸದೆ ಒಪ್ಪಿಗೆ ನೀಡಿದರೆ ಕಸುಬು ಅರಿಯದವರಿಗೆ ಆ ಸ್ಥಾನ ಸಲ್ಲುವುದು.

ಎರಡನೆಯದು ಉದ್ಯೋಗದಾತರು. ಪ್ರಧಾನಮಂತ್ರಿ ವಿಕಸಿತ ಭಾರತ ರೋಜ್‌ಗಾರ್ ಯೋಜನೆಯು 2025ರ ಆಗಸ್ಟ್ 1ರಿಂದ 2027ರ ಜುಲೈ 31ರವರೆಗೆ ಸೃಷ್ಟಿಯಾಗುವ ಉದ್ಯೋಗಗಳಿಗೆ ಅನ್ವಯಿಸುತ್ತದೆ. ಹೆಚ್ಚುವರಿಯಾಗಿ ನೇಮಿಸಿ ಕನಿಷ್ಠ ಆರು ತಿಂಗಳು ಉಳಿಸಿಕೊಂಡ ಪ್ರತಿ ನೌಕರನಿಗೆ ತಿಂಗಳಿಗೆ 3,000 ರೂಪಾಯಿಯವರೆಗೆ ಎರಡು ವರ್ಷ ಮಾಲೀಕರಿಗೆ ಪ್ರೋತ್ಸಾಹಧನವಿದೆ. 50ಕ್ಕಿಂತ ಕಡಿಮೆ ನೌಕರರಿರುವ ಸಂಸ್ಥೆಯು ಕನಿಷ್ಠ ಇಬ್ಬರನ್ನು ಹೊಸದಾಗಿ ಸೇರಿಸಿಕೊಳ್ಳಬೇಕು. ಮೊದಲ ಬಾರಿಗೆ ನೌಕರಿಗೆ ಸೇರಿದವರಿಗೆ ಎರಡು ಕಂತುಗಳಲ್ಲಿ 15,000 ರೂಪಾಯಿಯವರೆಗೆ ದೊರೆಯುತ್ತದೆ. ಇದೆಲ್ಲವೂ ಭವಿಷ್ಯನಿಧಿ ನೋಂದಣಿಯನ್ನು ಅವಲಂಬಿಸಿದೆ. ಗದಗ-ಬೆಟಗೇರಿಯ ಮುದ್ರಣಾಲಯಕ್ಕೋ ಅಂಗಡಿಗೋ ದುಡಿಯಲು ಹೋಗುವ ಹಳ್ಳಿಯ ಯುವಕರು ತಮ್ಮ ಹೆಸರು ಭವಿಷ್ಯನಿಧಿಯಲ್ಲಿದೆಯೇ ಎಂದು ಮೊದಲ ತಿಂಗಳಲ್ಲೇ ಕೇಳುವಂತೆ ಸದಸ್ಯರು ತಿಳಿಹೇಳಬೇಕು.

ಮೂರನೆಯದು ದುಡಿಮೆಗೆ ಮರಳುವವರು. ಮಳೆ ಕೈಕೊಟ್ಟ ವರ್ಷ ಮುಂಡರಗಿ, ಶಿರಹಟ್ಟಿ, ಲಕ್ಷ್ಮೇಶ್ವರ ತಾಲ್ಲೂಕುಗಳ ಕುಟುಂಬಗಳು ಗುಳೆ ಹೋಗುವುದು ಹೊಸ ಸಂಗತಿಯಲ್ಲ. ಪರಸ್ಥಳದಲ್ಲಿ ಗಾರೆ ಕೆಲಸ ಕಲಿತು ಬಂದವರ ಕೈಯಲ್ಲಿ ಕೌಶಲವಿದ್ದರೂ ಪ್ರಮಾಣಪತ್ರವಿರುವುದಿಲ್ಲ. ಪ್ರಧಾನಮಂತ್ರಿ ಕೌಶಲ ವಿಕಾಸ ಯೋಜನೆಯಲ್ಲಿನ ಪೂರ್ವಕಲಿಕೆಯ ಮಾನ್ಯತೆ ಇಂತಹವರಿಗಾಗಿಯೇ ಇರುವ ಮಾರ್ಗ. ಹೆರಿಗೆಯ ಬಳಿಕ ಕೆಲಸ ಬಿಟ್ಟ ತಾಯಂದಿರಿಗಾಗಿ ರಾಜ್ಯ ಸರ್ಕಾರವು 2023-24ರ ಆಯವ್ಯಯದಲ್ಲಿ 4,000 ಗ್ರಾಮ ಪಂಚಾಯತಿಗಳಿಗೆ 'ಕೂಸಿನ ಮನೆ'ಯನ್ನು ಘೋಷಿಸಿತು. ಅದರ ಬಾಗಿಲು ಕೂಲಿಯ ವೇಳೆಗೆ ಮೊದಲೇ ತೆರೆಯದಿದ್ದರೆ ತಾಯಿಗೆ ಅದರಿಂದ ಪ್ರಯೋಜನವಿಲ್ಲ.

ಆದುದರಿಂದ ಪ್ರತಿ ಸದಸ್ಯರೂ ತಮ್ಮ ವಾರ್ಡಿನ ಒಂದು ಪಟ್ಟಿಯನ್ನು ಸಿದ್ಧಪಡಿಸುವುದು ಸೂಕ್ತ: ಕಸುಬು ಬಲ್ಲವರು, ಕೆಲಸ ಅರಸುವವರು, ಕೆಲಸಕ್ಕೆ ಮರಳಲು ಬಯಸುವವರು. ಯಾರಿಗೆ ಯಾವ ಸೌಲಭ್ಯ ದೊರೆತಿದೆ, ಯಾರ ಅರ್ಜಿ ಎಲ್ಲಿ ನಿಂತಿದೆ ಎಂಬುದು ಪ್ರತಿ ಗ್ರಾಮಸಭೆಯಲ್ಲಿ ಚರ್ಚೆಗೆ ಬರಲಿ. ಪಟ್ಟಿಯಲ್ಲಿ ಹೆಸರಿಲ್ಲದವರ ಅಗತ್ಯ ಯಾವ ಕಚೇರಿಗೂ ಕಾಣದು. ಅದು ಮೊದಲು ಕಾಣುವುದು ಊರಿನವರೇ ಆದ ಸದಸ್ಯರಿಗೆ.