ಹೊಳೆದುದನ್ನು ಸಭೆಯ ಮುಂದಿಡುವ ಸ್ಪರ್ಧೆ

(ಸಂಘದ ವಾರ್ಷಿಕೋತ್ಸವದ ವಿದ್ಯಾರ್ಥಿಗೋಷ್ಠಿಯಲ್ಲಿ ಮಾಡಿದ ಭಾಷಣ)



ಕಾಲೇಜಿಗೆ ಹೋಗುವ ನಮ್ಮ ತರುಣರು ಈ ಸಲದ ಗೋಷ್ಠಿಗೆ ಹೊಸತೊಂದು ವಿಷಯವನ್ನು ಆರಿಸಿಕೊಂಡಿರುವರು. ವಿದ್ಯಾರ್ಥಿಗಳು ತಮಗೆ ಹೊಳೆದ ಯೋಚನೆಗಳನ್ನು ಬಲ್ಲವರ ಮುಂದೆ ಅಲ್ಪಕಾಲದಲ್ಲಿ ನಿವೇದಿಸಿ, ಪ್ರಶ್ನೆಗಳಿಗೆ ಉತ್ತರವಿತ್ತು, ಮೆಚ್ಚುಗೆಯನ್ನೋ ಧನಸಹಾಯವನ್ನೋ ಪಡೆಯುವ ಸ್ಪರ್ಧೆಯೊಂದನ್ನು ವಿಶ್ವವಿದ್ಯಾಲಯದ ಆವರಣದಲ್ಲಿ ತೊಡಗಬೇಕೆಂಬುದು ಅವರ ಹಂಬಲ. ಹೀಗೆ ನಿವೇದಿಸುವುದಕ್ಕೆ ಇಂಗ್ಲಿಷಿನಲ್ಲಿ ‘ಪಿಚ್’ ಎನ್ನುವರಂತೆ. ಸಂಧಿಸಮಾಸಗಳನ್ನು ಬೋಧಿಸುವ ನಮಗೆ ಈ ವಿಷಯದಲ್ಲಿ ಏನು ಅಧಿಕಾರವೆಂದು ಕೆಲವರು ಮುಗುಳ್ನಗಬಹುದು. ಒಬ್ಬನ ಮನಸ್ಸಿನಲ್ಲಿ ಹೊಳೆದುದನ್ನು ಇನ್ನೊಬ್ಬನ ಮನಸ್ಸಿಗೆ ಮುಟ್ಟಿಸುವುದು ಮಾತಿನ ಕೆಲಸವಲ್ಲವೆ? ಮಾತು ನಮ್ಮ ಕಸುಬು. ಆ ಬಲದಿಂದಲೇ ಇಲ್ಲಿ ನಿಂತಿದ್ದೇವೆ.

ಈ ಬಗೆಯ ಸ್ಪರ್ಧೆಗಳಲ್ಲಿ ಮೊದಮೊದಲಿನದು 1984ರಲ್ಲಿ ಅಮೆರಿಕದ ಟೆಕ್ಸಸ್ ವಿಶ್ವವಿದ್ಯಾಲಯದ ಆಸ್ಟಿನ್ ಆವರಣದಲ್ಲಿ ಹುಟ್ಟಿತು. ಕಾನೂನು ಓದುವವರು ಅಣಕು ನ್ಯಾಯಾಲಯದಲ್ಲಿ ವಾದಿಸಿ ಪಳಗುವರಷ್ಟೆ. ಅದೇ ಮಾದರಿಯನ್ನು ವ್ಯವಹಾರವಿದ್ಯೆಯ ವಿದ್ಯಾರ್ಥಿಗಳು ಎತ್ತಿಕೊಂಡು ‘ಮೂಟ್ ಕಾರ್ಪ್’ ಎಂದು ಹೆಸರಿಟ್ಟರು. ಆದರೆ ನಮ್ಮ ತರುಣರು ಹೆಚ್ಚು ಗಮನಿಸತಕ್ಕುದು ಮಸಾಚುಸೆಟ್ಸ್ ತಂತ್ರಜ್ಞಾನ ಸಂಸ್ಥೆಯ, ಎಂದರೆ ಎಂ.ಐ.ಟಿ.ಯ, ಉದಾಹರಣೆಯನ್ನು. ಅಲ್ಲಿ ಎರಡು ವಿದ್ಯಾರ್ಥಿಸಂಘಗಳು ಕೈಗೂಡಿಸಿ 1990ರಲ್ಲಿ ಸ್ಪರ್ಧೆಯನ್ನು ನಡೆಸಿದುವು. ಒಂದು, ಉದ್ಯಮ ಹೂಡುವ ಆಸೆಯುಳ್ಳ ತಾಂತ್ರಿಕ ವಿದ್ಯಾರ್ಥಿಗಳ ಕೂಟ. ಇನ್ನೊಂದು, ಸ್ಲೋನ್ ವ್ಯವಹಾರಶಾಲೆಯವರ ಕೂಟ. ಯಂತ್ರ ಕಟ್ಟಬಲ್ಲವನಿಗೆ ಲೆಕ್ಕಪತ್ರದ ಮಾತು ತಿಳಿಯದು, ಲೆಕ್ಕ ಬಲ್ಲವನಿಗೆ ಯಂತ್ರದ ಮಾತು ತಿಳಿಯದು. ಇಬ್ಬರನ್ನೂ ಒಂದೇ ಜಗಲಿಯಲ್ಲಿ ಕುಳ್ಳಿರಿಸಿದುದೇ ಆ ಸ್ಪರ್ಧೆಯ ದೊಡ್ಡ ಕೆಲಸವೆಂದು ನಮ್ಮ ಎಣಿಕೆ. ಬಹುಮಾನದ ಮೊತ್ತ ಮೊದಲು 10,000 ಡಾಲರು, 1996ರಲ್ಲಿ 50,000, 2006ರಲ್ಲಿ 1,00,000. ನಮ್ಮ ದೇಶದಲ್ಲಿ ಮುಂಬಯಿಯ ಐ.ಐ.ಟಿ.ಯ ವಿದ್ಯಾರ್ಥಿಗಳು 1998ರಲ್ಲಿ ‘ಯುರೇಕಾ’ ಎಂಬ ಸ್ಪರ್ಧೆಯನ್ನು ತೊಡಗಿದರು.

ಆ ಎಂ.ಐ.ಟಿ. ಸ್ಪರ್ಧೆಯ ಒಂದು ಕಥೆಯನ್ನು ಇಲ್ಲಿ ಹೇಳಲೇಬೇಕು. ವಿಶ್ವವ್ಯಾಪಿ ಜಾಲವನ್ನು ರೂಪಿಸಿದ ಟಿಮ್ ಬರ್ನರ್ಸ್-ಲೀ 1995ರಲ್ಲಿ ಅದೇ ಸಂಸ್ಥೆಯಲ್ಲಿದ್ದರು. ಜನ ನುಗ್ಗಿದಂತೆ ಜಾಲದ ದಾರಿಗಳು ಕಟ್ಟಿಕೊಳ್ಳುವುವೆಂದು ಅವರು ಮುಂಗಂಡು, ಇದಕ್ಕೊಂದು ಉಪಾಯ ಹುಡುಕಿರೆಂದು ಜತೆಯವರಿಗೆ ಸವಾಲು ಹಾಕಿದರು. ಗಣಿತದ ಪ್ರಾಧ್ಯಾಪಕ ಟಾಮ್ ಲೇಟನ್ ಅದನ್ನು ಕೈಗೆತ್ತಿಕೊಂಡರು. ಡ್ಯಾನಿಯಲ್ ಲೆವಿನ್ ಎಂಬ ವಿದ್ಯಾರ್ಥಿ ಅವರನ್ನು ಕೂಡಿಕೊಂಡನು. ಅವರು ಕಂಡ ಉಪಾಯದ ಸಾರ ಇಷ್ಟು: ಎಲ್ಲರಿಗೂ ಒಂದೇ ಕಡೆಯಿಂದ ಕೊಡುವ ಬದಲು, ಹಲವು ಊರುಗಳ ಯಂತ್ರಗಳಲ್ಲಿ ಪ್ರತಿಗಳನ್ನಿರಿಸಿ ಕೇಳಿದವನಿಗೆ ಹತ್ತಿರದಿಂದಲೇ ಒದಗಿಸುವುದು. ಸಮಾರಾಧನೆಯಲ್ಲಿ ಒಬ್ಬನೇ ಅಡಿಗೆಮನೆಯಿಂದ ಓಡಾಡಿ ಬಡಿಸುವುದಕ್ಕಿಂತ ಸಾಲುಸಾಲಿಗೂ ಒಬ್ಬನನ್ನು ನಿಲ್ಲಿಸುವುದು ಮೇಲಲ್ಲವೆ? ಉಪಾಯವೇನೋ ಸರಿ, ಅದನ್ನು ಗಣಿತಜ್ಞರಲ್ಲದವರಿಗೆ ಹೇಳುವುದು ಹೇಗೆ? 1998ರ ಸ್ಪರ್ಧೆಗಾಗಿ ಅವರು ಅದನ್ನು ವ್ಯವಹಾರದ ಮಾತಿನಲ್ಲಿ ಬರೆಯಬೇಕಾಯಿತು. ಅಂತಿಮ ಸುತ್ತಿನವರೆಗೆ ಬಂದರು. ಮೊದಲ ಬಹುಮಾನ ದೊರೆಯಲಿಲ್ಲ. ಆದರೂ ಅದೇ ವರ್ಷ ಅವರ ಕಂಪೆನಿ ನಿಂತಿತು. ಹೆಸರು ‘ಅಕಮೈ’, ಹವಾಯಿ ದ್ವೀಪದ ಭಾಷೆಯಲ್ಲಿ ಜಾಣನೆಂದು ಅರ್ಥವಂತೆ. ಸಣ್ಣ ದ್ವೀಪವೊಂದರ ನುಡಿಯ ಶಬ್ದ ಹೀಗೆ ಲೋಕಪ್ರಸಿದ್ಧವಾದುದು, ಭಾಷೆಯ ಮೇಷ್ಟರಾದ ನಮಗೆ ಸಂತೋಷದ ಸಂಗತಿ. ಲೆವಿನ್ ಮಾತ್ರ ಬಹಳ ದಿನ ಬಾಳಲಿಲ್ಲ. 2001ರ ಸೆಪ್ಟೆಂಬರ್ 11ರಂದು ನ್ಯೂಯಾರ್ಕಿನ ಗೋಪುರಕ್ಕೆ ಅಪ್ಪಳಿಸಿದ ಮೊದಲನೆಯ ವಿಮಾನದಲ್ಲಿದ್ದು, 31ನೆಯ ವಯಸ್ಸಿನಲ್ಲಿ ಮಡಿದನು.

ಇಂಥ ಸ್ಪರ್ಧೆಯ ಫಲ ಬಹುಮಾನದ ಚೀಟಿಯಲ್ಲಿಲ್ಲ. ತನ್ನ ವಿದ್ಯೆಯನ್ನು ಅರಿಯದವನಿಗೆ ತನ್ನ ವಿಚಾರವನ್ನು ತಿಳಿಯಹೇಳಲೇಬೇಕಾದ ಒತ್ತಾಯದಲ್ಲಿದೆ. ಇಲ್ಲಿಯೇ ನಮ್ಮ ಗಡಿನಾಡಿನ ಮಾತು ಬರುತ್ತದೆ.

1956ರ ನವೆಂಬರ್ 1ರಂದು ಕಾಸರಗೋಡು ಕೇರಳಕ್ಕೆ ಸೇರಿದ ಮೇಲೆಯೂ ಇಲ್ಲಿ ಕನ್ನಡ ಮಾಧ್ಯಮದ ಶಾಲೆಗಳು ಉಳಿದುಕೊಂಡು ಬಂದಿವೆ. ಅಂಥ ಶಾಲೆಯಲ್ಲಿ ಹತ್ತನೆಯ ತರಗತಿಯವರೆಗೆ ಗಣಿತವಿಜ್ಞಾನಗಳನ್ನು ಕನ್ನಡದಲ್ಲಿ ಕಲಿತ ಹುಡುಗಿ ಮುಂದೆ ಪೆರಿಯದ ಕೇಂದ್ರೀಯ ವಿಶ್ವವಿದ್ಯಾಲಯಕ್ಕೋ ಕಣ್ಣೂರಿನ ಕಾಲೇಜಿಗೋ ಹೋಗುವಳು. ಅಲ್ಲಿ ಪಾಠ ಇಂಗ್ಲಿಷು, ಹರಟೆ ಮಲೆಯಾಳ. ತರಗತಿಯಲ್ಲಿ ನಮ್ಮನ್ನು ಪ್ರಶ್ನೆಗಳಿಂದ ಕಾಡಿದ ಮಕ್ಕಳೇ ಎರಡು ವರ್ಷ ಕಳೆದು ಇಲ್ಲಿಗೆ ಬಂದಾಗ, ‘ಅಲ್ಲಿ ನಾವು ಬಾಯಿಯೇ ಬಿಡುವುದಿಲ್ಲ, ಸರ್’ ಎಂದು ಹೇಳುವರು. ಬುದ್ಧಿ ಬತ್ತಿದುದಲ್ಲ, ಹೇಳುವ ದಾರಿ ಮುಚ್ಚಿದುದು. ಅಂಗಳದಲ್ಲಿ ಹರವಿದ ಅಡಿಕೆ ಅಕಾಲದ ಮಳೆಗೆ ನೆನೆದು ಕೆಡುವುದನ್ನು ಕಂಡು ಬೆಳೆದವಳಿಗೆ ಒಣಗಿಸುವ ಗೂಡಿನ ಹೊಸದೊಂದು ರಚನೆ ಹೊಳೆಯಬಹುದು. ಕರಿಗೋಟು, ಪಟೋರ ಎಂದು ಬೆಲೆ ತಗ್ಗಿದ ಅಡಿಕೆಯ ಹೆಸರು ಹೇಳುವಾಗ ಅವಳಿಗೆ ಮನೆಯ ವರ್ಷದ ನಷ್ಟವೇ ಕಣ್ಣಿಗೆ ಕಟ್ಟುವುದು. ಗುಡ್ಡ ಕೊರೆದ ಸುರಂಗದ ನೀರು ಯಾವ ತಿಂಗಳಲ್ಲಿ ಸಣ್ಣದಾಗುವುದೆಂದು ಅವಳು ಬಲ್ಲಳು. ಆದರೆ ಇವನ್ನೆಲ್ಲ ಮೊದಲ ಸಲವೇ ಇಂಗ್ಲಿಷಿನಲ್ಲಿ ಹೇಳೆಂದರೆ ಅವಳು ಹೇಳುವುದು ಪುಸ್ತಕದ ಮಾತನ್ನು, ಕಂಡ ಮಾತನ್ನಲ್ಲ.

ಆದುದರಿಂದ ಸ್ಪರ್ಧೆಗೆ ಎರಡು ಸುತ್ತುಗಳಿರಲಿ ಎಂಬುದು ನಮ್ಮ ಸೂಚನೆ. ಮೊದಲ ಸುತ್ತಿನಲ್ಲಿ ಕನ್ನಡ, ತುಳು, ಮಲೆಯಾಳ, ಬ್ಯಾರಿ, ಕೊಂಕಣಿ, ಮರಾಠಿ, ಯಾವುದರಲ್ಲಿ ನಾಲಗೆ ಸಲೀಸೋ ಅದರಲ್ಲಿ ಹೇಳಲಿ. ಕೇಳುವವರೂ ಆ ಭಾಷೆಯಲ್ಲಿಯೇ ಕೇಳಲಿ. ಅಲ್ಲಿ ಗಟ್ಟಿಯಾದುದು ಎರಡನೆಯ ಸುತ್ತಿನಲ್ಲಿ ಇಂಗ್ಲಿಷಿಗೋ ಮಲೆಯಾಳಕ್ಕೋ ಬರಲಿ, ಭಾಷೆ ಬಲ್ಲ ಗೆಳೆಯನೊಬ್ಬ ಪಕ್ಕದಲ್ಲಿ ನಿಲ್ಲಲಿ. ಇದು ಕನ್ನಡಕ್ಕೆ ಬೇಡುವ ಭಿಕ್ಷೆಯಲ್ಲ. ಕಾಞಂಗಾಡಿನ ಮಲೆಯಾಳಿ ಹುಡುಗನಿಗೂ ಇದರಿಂದ ಅಷ್ಟೇ ಲಾಭವಿದೆ. ಆವರಣದ ಅಧಿಕಾರಿಗಳಿಗೆ ಬರೆಯುವ ಮನವಿಯಲ್ಲಿ ಈ ಮಾತನ್ನು ಮೊದಲು ಬರೆಯಿರಿ.

ಸಭೆಯ ಮುಂದೆ ನಿಂತು ಆ ಹೊತ್ತಿಗೆ ಮಾತು ಹುಟ್ಟಿಸುವುದು ನಮಗೆ ಹೊಸತೆ? ಕುಂಬಳೆಯ ಪಾರ್ತಿಸುಬ್ಬನ ನಾಡು ಇದು. ತಾಳಮದ್ದಳೆಯಲ್ಲಿ ಭಾಗವತರು ಪದ್ಯವನ್ನಷ್ಟೇ ಕೊಡುವರು. ಅರ್ಥವನ್ನು ಅರ್ಥಧಾರಿಯೇ ಕಟ್ಟಬೇಕು, ಎದುರು ಕುಳಿತವನು ಏನನ್ನು ಎಸೆಯುವನೋ ತಿಳಿಯದು. ಈ ಪಳಗುವಿಕೆ ನಮ್ಮ ಎಷ್ಟೋ ಮನೆಗಳ ಅಜ್ಜಂದಿರಲ್ಲಿತ್ತು. ಅದರ ಕುಂದೂ ನಮಗೆ ಗೊತ್ತು: ಕೆಲವು ಸಲ ಪುರಾಣ ಬಲ್ಲವನು ಸೋತು, ಮಾತಿನ ಮಲ್ಲನು ಗೆಲ್ಲುವನು. ಯೋಚನೆಯ ಸ್ಪರ್ಧೆಗೂ ಅದೇ ಅಪಾಯ. ಹೇಳುವುದಕ್ಕೆ ಐದು ನಿಮಿಷ ಕೊಟ್ಟರೆ ಪ್ರಶ್ನೆಗಳಿಗೆ ಹತ್ತು ನಿಮಿಷವಿರಲಿ. ತೀರ್ಪುಗಾರರಲ್ಲಿ ಬ್ಯಾಂಕಿನವರ, ಪ್ರಾಧ್ಯಾಪಕರ ಜತೆಗೆ ಕೈಯಲ್ಲಿ ಕೆಲಸ ಮಾಡಿ ಬಲ್ಲ ಒಬ್ಬ ಕೃಷಿಕನೋ ಬಡಗಿಯೋ ಇರಲಿ. ಅವನ ಒಂದು ಪ್ರಶ್ನೆ ಸಾಕು, ಹೊಟ್ಟು ಹಾರಿಹೋಗುವುದು.

ಹೊತ್ತಿನ ಕಟ್ಟುಪಾಡು ಕ್ರೂರವೆಂದು ತಿಳಿಯಬೇಡಿ. ಆಸ್ಟ್ರೇಲಿಯದ ಕ್ವೀನ್ಸ್‌ಲೆಂಡ್ ವಿಶ್ವವಿದ್ಯಾಲಯವು ಸಂಶೋಧಕರು ತಮ್ಮ ಪ್ರಬಂಧದ ಸಾರವನ್ನು ಮೂರು ನಿಮಿಷಗಳಲ್ಲಿ ಹೇಳತಕ್ಕ ಸ್ಪರ್ಧೆಯನ್ನು 2008ರಲ್ಲಿ ತೊಡಗಿತು. ಅಲ್ಲಿ ಆಗ ಅನಾವೃಷ್ಟಿ; ಮೊಟ್ಟೆ ಬೇಯಿಸುವ ಮೂರು ನಿಮಿಷದ ಗಡಿಯಾರವನ್ನು ಬಚ್ಚಲಲ್ಲಿಟ್ಟು ಜನ ಮಿತವಾಗಿ ಸ್ನಾನ ಮಾಡುತ್ತಿದ್ದರು; ಸ್ಪರ್ಧೆಯ ಕಾಲನಿಯಮಕ್ಕೆ ಅದೇ ಪ್ರೇರಣೆಯಾಯಿತು. ಒಂದೇ ಒಂದು ಸ್ಥಿರಚಿತ್ರಕ್ಕೆ ಅವಕಾಶ. ಮೂರು ನಿಮಿಷ ಮೀರಿದವನು ಸ್ಪರ್ಧೆಯಿಂದ ಹೊರಗೆ. ಇಂದು ಹಲವು ದೇಶಗಳ ವಿಶ್ವವಿದ್ಯಾಲಯಗಳು ಅದನ್ನು ಅನುಸರಿಸುತ್ತಿವೆ.

‘ಹೇಳಿದರೆ ಬೇರೆಯವರು ಕದ್ದುಕೊಂಡಾರು’ ಎಂಬ ಹೆದರಿಕೆ ಕೆಲವರಿಗಿದೆ. ಅದು ಪೂರ್ತಿ ಸುಳ್ಳಲ್ಲ. ನಮ್ಮ ದೇಶದ 1970ರ ಪೇಟೆಂಟ್ ಕಾಯಿದೆಯಂತೆ ಬರಿಯ ಯೋಚನೆಗೆ ರಕ್ಷಣೆಯಿಲ್ಲ. ಕೃಷಿಯ ವಿಧಾನಕ್ಕೂ ಇಲ್ಲ. ಹೊಸ ಯಂತ್ರರಚನೆಗಾದರೆ ದೊರೆಯಬಹುದು. ಆದರೆ ಬಹಿರಂಗವಾಗಿ ಹೇಳಿಬಿಟ್ಟ ಮೇಲೆ ಅದು ಹೊಸತಲ್ಲವೆಂದು ಅರ್ಜಿ ಬೀಳುವ ಸಂಭವವುಂಟು. ಅಂಥದು ಕೈಯಲ್ಲಿದ್ದವರು ವೇದಿಕೆ ಹತ್ತುವ ಮೊದಲೇ ತಾತ್ಕಾಲಿಕ ವಿವರಣಪತ್ರವನ್ನು ಸಲ್ಲಿಸಲಿ. ಪೂರ್ಣವಿವರಣೆಗೆ ಆಮೇಲೆ ಹನ್ನೆರಡು ತಿಂಗಳ ಅವಧಿಯಿದೆ. ಇದನ್ನು ಸ್ಪರ್ಧೆಯ ಪ್ರಕಟಣೆಯಲ್ಲಿಯೇ ಅಚ್ಚುಹಾಕಿಸಬೇಕು.

ಹಿರಿಯರೊಬ್ಬರು ಮೊನ್ನೆ ಕೇಳಿದರು: ‘ಇದು ವ್ಯಾಪಾರದ ಮಾತಾಯಿತು, ಕನ್ನಡ ಸಂಘಕ್ಕೆ ಏತಕ್ಕೆ?’ ಅವರಲ್ಲಿ ನಮಗೆ ಗೌರವವಿದೆ, ಒಪ್ಪಿಗೆಯಿಲ್ಲ. ಕವಿಗೋಷ್ಠಿ ನಡೆಯಲಿ, ಯಕ್ಷಗಾನ ನಡೆಯಲಿ. ಆದರೆ ದುಡಿಮೆಯ, ಯಂತ್ರದ, ಲೆಕ್ಕದ ಮಾತು ಬಂದಾಗ ಕನ್ನಡವನ್ನು ಚಾವಡಿಯಲ್ಲಿ ಕುಳ್ಳಿರಿಸಿ ನಾವು ಮಾತ್ರ ಒಳಗೆ ಹೋಗುವೆವಾದರೆ, ನಮ್ಮ ಶಾಲೆಗಳಿಗೆ ಮಕ್ಕಳನ್ನು ಕಳುಹಿಸಿರೆಂದು ತಂದೆತಾಯಿಗಳನ್ನು ಯಾವ ಮುಖದಿಂದ ಕೇಳುವುದು?

ಮನವಿಯ ಕರಡನ್ನು ವಿದ್ಯಾರ್ಥಿಗಳು ಬರೆದು ತಂದಿದ್ದಾರೆ; ತಿದ್ದುವ ಕೆಲಸ ನಮ್ಮದು. ಸಭೆ ಮುಗಿದೊಡನೆ ವಾಚನಾಲಯದ ಕೋಣೆಯಲ್ಲಿ ಕೂಡೋಣ. ಸಹಿ ಹಾಕುವವರು, ತೀರ್ಪುಗಾರರಾಗಿ ಬರಲೊಪ್ಪುವ ಕೃಷಿಕಮಿತ್ರರು, ಹೊಳೆದುದೊಂದನ್ನು ಇಟ್ಟುಕೊಂಡು ಹೇಳಲು ಅಂಜಿರುವ ಹುಡುಗ ಹುಡುಗಿಯರು, ಎಲ್ಲರೂ ಬನ್ನಿರಿ. ಮೊದಲ ಸುತ್ತಿನ ಅಭ್ಯಾಸವನ್ನು ಇಂದು ಸಂಜೆಯೇ ತೊಡಗೋಣ. ಗಡಿಯಾರವನ್ನು ನಾವು ತಂದಿದ್ದೇವೆ.